ಮಣ್ಣಿನಲ್ಲಿ ಮ್ಯಾಂಗನೀಸ್ ಅತಿಯಾದರೆ: ಗುರುತಿಸುವುದರಿಂದ ಸರಿಪಡಿಸುವವರೆಗೆ

ಎಳೆ ಎಲೆ ಹಳದಿಯಾಯಿತು ಅಂದರೆ ಕೈ ಮೊದಲು ಹೋಗುವುದು ಲಘು ಪೋಷಕಾಂಶದ ಪೊಟ್ಟಣಕ್ಕೆ. ಏನೋ ಕೊರತೆ ಇರಬೇಕು, ಒಂದು ಸಲ ಸಿಂಪಡಿಸಿಬಿಡೋಣ ಅನ್ನಿಸುತ್ತದೆ. ಆದರೆ ಹುಳಿ ಮಣ್ಣಿನಲ್ಲಿ, ನೀರು ನಿಲ್ಲುವ ಜಾಗದಲ್ಲಿ ಆ ಹಳದಿಗೆ ಎಷ್ಟೋ ಸಲ ಕಾರಣ ಮ್ಯಾಂಗನೀಸ್ ಅತಿಯಾಗಿರುವುದು. ಆ ಪೊಟ್ಟಣದಲ್ಲಿ ಸಾಮಾನ್ಯವಾಗಿ ಮ್ಯಾಂಗನೀಸೂ ಇರುತ್ತದೆ. ಹೊಟ್ಟೆ ಬಿರಿಯ ಉಂಡವನಿಗೆ ಮತ್ತೆ ಬಡಿಸಿದ ಹಾಗಾಗುತ್ತದೆ. ಹಾಗಾಗಿ ಏನನ್ನಾದರೂ ಹಾಕುವ ಮೊದಲು ಇದನ್ನು ಪೂರ್ತಿ ಓದಿ.

ಹೆಸರಿನ ಗೊಂದಲ ಬೇಡ. ಮ್ಯಾಂಗನೀಸ್ ಬೇರೆ, ಮೆಗ್ನೀಸಿಯಂ ಬೇರೆ. ಅಂಗಡಿಯಲ್ಲಿ ಮೆಗ್ನೀಸಿಯಂ ಸಲ್ಫೇಟ್ ಕೇಳಲು ಹೋಗಿ ಮ್ಯಾಂಗನೀಸ್ ಸಲ್ಫೇಟ್ ತಂದರೆ ರೋಗಕ್ಕೆ ಮದ್ದಿನ ಬದಲು ರೋಗವನ್ನೇ ತಂದಂತೆ. ಚೀಟಿಯ ಮೇಲಿನ ಹೆಸರನ್ನು ಎರಡು ಸಲ ಓದಿ.

ಬೇಕಾದದ್ದು ಚಿಟಿಕೆ, ಆದರೆ ಬೇಕೇ ಬೇಕು

ದ್ಯುತಿಸಂಶ್ಲೇಷಣೆಯಲ್ಲಿ ನೀರನ್ನು ಒಡೆದು ಆಮ್ಲಜನಕ ಬಿಡುವ ಜಾಗ ಒಂದಿದೆ. ಅಲ್ಲಿ ನಾಲ್ಕು ಮ್ಯಾಂಗನೀಸ್ ಪರಮಾಣುಗಳು ಒಂದು ಕ್ಯಾಲ್ಸಿಯಂ ಪರಮಾಣುವಿನ ಜೊತೆ ಸೇರಿ ಕೆಲಸ ಮಾಡುತ್ತವೆ. ಅವಿಲ್ಲದೆ ಹಸಿರು ಗಿಡ ಬದುಕಲಾರದು. ಆದರೆ ಬೇಕಾದ ಪ್ರಮಾಣ ತೀರಾ ಕಡಿಮೆ. ಒಂದು ಕೆ.ಜಿ. ಒಣ ಎಲೆಯಲ್ಲಿ 10ರಿಂದ 20 ಮಿ.ಗ್ರಾಂ. ಇದ್ದರೆ ಸಾಕು. ಕನಿಷ್ಠ ಇಷ್ಟಿರಬೇಕು ಅನ್ನುವ ಈ ಗೆರೆ ಹೆಚ್ಚುಕಮ್ಮಿ ಎಲ್ಲ ಬೆಳೆಗೂ ಒಂದೇ.

ಇದಕ್ಕಿಂತ ಹೆಚ್ಚಾದರೆ ಅತಿಯಾಯಿತು ಅನ್ನುವ ಗೆರೆ ಹಾಗಲ್ಲ. ಬೆಳವಣಿಗೆ ಶೇ 10ರಷ್ಟು ಕುಗ್ಗುವ ಮಟ್ಟವನ್ನು ವಿಜ್ಞಾನಿಗಳು ಬೇರೆ ಬೇರೆ ಬೆಳೆಗಳಲ್ಲಿ ಅಳೆದಿದ್ದಾರೆ. ಕೆ.ಜಿ. ಒಣ ತೂಕಕ್ಕೆ ಮೆಕ್ಕೆಜೋಳದಲ್ಲಿ ಸುಮಾರು 200 ಮಿ.ಗ್ರಾಂ., ತೊಗರಿಯಲ್ಲಿ 300, ಸೋಯಾದಲ್ಲಿ 600, ಹತ್ತಿಯಲ್ಲಿ 750, ಸಿಹಿಗೆಣಸಿನಲ್ಲಿ 1,380. ಸೂರ್ಯಕಾಂತಿಯಲ್ಲಿ 5,300! ಒಂದೇ ಲೋಹ, ಒಂದು ಬೆಳೆಗೂ ಇನ್ನೊಂದಕ್ಕೂ ಇಪ್ಪತ್ತೈದು ಪಟ್ಟಿಗೂ ಜಾಸ್ತಿ ವ್ಯತ್ಯಾಸ. ಸೂರ್ಯಕಾಂತಿ ಅದನ್ನು ಒಳಗೆ ಬಿಡದೆ ತಡೆಯುತ್ತಿದೆ ಅಂದುಕೊಳ್ಳಬೇಡಿ. ಒಳಗೆ ಬಿಟ್ಟುಕೊಂಡೇ ಸಂಭಾಳಿಸುತ್ತಿದೆ. ಅದು ಹೇಗೆ ಅನ್ನುವುದಕ್ಕೆ ಆಮೇಲೆ ಬರೋಣ.

ಮಣ್ಣು ಅದನ್ನು ಬಿಡುವುದು ಯಾವಾಗ

ಮಣ್ಣಿನಲ್ಲಿ ಮ್ಯಾಂಗನೀಸ್ ಬಹುಪಾಲು ಕಪ್ಪು-ಕಂದು ಆಕ್ಸೈಡ್ ಆಗಿ ಕೂತಿರುತ್ತದೆ. ಆ ರೂಪದಲ್ಲಿ ಅದು ನೀರಿನಲ್ಲಿ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಕೆಲವು ಸಂದರ್ಭಗಳಲ್ಲಿ ಅದು ಕರಗುವ ರೂಪಕ್ಕೆ ತಿರುಗುತ್ತದೆ.

ಮೊದಲನೆಯದು ಹುಳಿ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಅದು 5.5ಕ್ಕಿಂತ ಇಳಿದರೆ ಕರಗುವುದು ಜೋರಾಗುತ್ತದೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಪಿಎಚ್ ಒಂದಂಕ ಇಳಿದರೆ ಕರಗಿದ ಮ್ಯಾಂಗನೀಸ್ ನೂರು ಪಟ್ಟು ಏರಬಹುದು. ಎರಡನೆಯದು ನಿಂತ ನೀರು. ಮಣ್ಣಿನಲ್ಲಿ ಗಾಳಿ ಮುಗಿದಾಗ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಮೊದಲು ನೈಟ್ರೇಟನ್ನು ಬಳಸುತ್ತವೆ, ಆಮೇಲೆ ಮ್ಯಾಂಗನೀಸ್ ಆಕ್ಸೈಡನ್ನು. ಕಬ್ಬಿಣದ ಸರದಿ ಅದಾದ ಮೇಲೆ. ಅಂದರೆ ನೀರು ನಿಂತ ಕೆಲವೇ ದಿನಗಳಲ್ಲಿ ಮ್ಯಾಂಗನೀಸ್ ಹೊರಬರುತ್ತದೆ. ಪಿಎಚ್ 6ರ ಆಸುಪಾಸಿನಲ್ಲಿರುವ ಒಳ್ಳೆಯ ಮಣ್ಣಿನಲ್ಲೂ ಹೀಗಾಗಬಹುದು. ನೀರು ನಿಂತ ಮಣ್ಣಿನಲ್ಲಿ ಹಸಿ ಸೊಪ್ಪು, ಅರೆಬರೆ ಕೊಳೆತ ಗೊಬ್ಬರ ಇದ್ದರೆ ಗಾಳಿ ಇನ್ನೂ ಬೇಗ ಮುಗಿಯುತ್ತದೆ.

ಮೂರನೆಯದು ಶಾಖ. ರೋಗಾಣು ಸಾಯಲಿ ಅಂತ ಸಸಿಮಡಿಯ ಮಣ್ಣನ್ನು ಜಾಸ್ತಿ ಹೊತ್ತು ಹಬೆಯಲ್ಲಿ ಕುದಿಸಿದರೆ ಮ್ಯಾಂಗನೀಸ್ ಬಿಡುಗಡೆಯಾಗುತ್ತದೆ. ಗಾಜಿನ ಮನೆಯಲ್ಲಿ ಲೆಟಿಸ್ ಬೆಳೆಯುವವರಿಗೆ ಇದು ಹಳೆಯ ತಲೆನೋವು. ಹಬೆ ಕೊಡಲೇಬೇಕು ಅಂದರೆ 60ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸಿ, ಅರ್ಧ ಗಂಟೆ ಸಾಕು.

ಎಲೆಯೊಳಗೆ ನಡೆಯುವುದು

ಬೇರು ಹೀರಿದ ಮ್ಯಾಂಗನೀಸ್ ನೀರಿನ ಜೊತೆ ಮೇಲೇರಿ ಎಲೆ ಸೇರುತ್ತದೆ. ಒಮ್ಮೆ ಎಲೆ ಸೇರಿದ ಮೇಲೆ ಅಲ್ಲಿಂದ ಬೇರೆ ಕಡೆಗೆ ಹೆಚ್ಚು ಹೋಗುವುದಿಲ್ಲ. ಹಾಗಾಗಿ ಎಲೆಗೆ ವಯಸ್ಸಾದಷ್ಟೂ ಅದು ತುಂಬಿಕೊಳ್ಳುತ್ತದೆ. ಕೋಶಭಿತ್ತಿಯಲ್ಲಿ ಅಲ್ಲಲ್ಲಿ ಗುಡ್ಡೆಯಾದ ಮ್ಯಾಂಗನೀಸ್, ಅಲ್ಲಿಯ ಫೀನಾಲ್ ಪದಾರ್ಥಗಳ ಜೊತೆ ಸೇರಿ ಕಂದಾಗುತ್ತದೆ. ಹಳೆಯ ಎಲೆಯಲ್ಲಿ ಕಾಣುವ ಸಣ್ಣ ಕಂದು ಚುಕ್ಕೆ ಅದೇ.

ಚಿಗುರಿನ ಕಥೆ ಬೇರೆ. ಮ್ಯಾಂಗನೀಸ್, ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ ಇವು ಒಂದಕ್ಕೊಂದು ಪೈಪೋಟಿ. ಮ್ಯಾಂಗನೀಸ್ ಅತಿಯಾದರೆ ಉಳಿದವು ಹಿಂದೆ ಬೀಳುತ್ತವೆ. ಕಬ್ಬಿಣ ಸಾಲದೆ ಎಳೆ ಎಲೆಯ ನರಗಳ ನಡುವೆ ಹಳದಿ ಬರುತ್ತದೆ. ಕ್ಯಾಲ್ಸಿಯಂ ಸಾಲದೆ ಹತ್ತಿ, ಬೀನ್ಸ್, ಸೋಯಾದ ಎಲೆ ಸುಕ್ಕುಗಟ್ಟಿ ಬೋಗುಣಿಯಂತೆ ಬಾಗುತ್ತದೆ. ತುದಿ ಬೆಳೆಯಲು ಬೇಕಾದ ಆಕ್ಸಿನ್ ಹಾರ್ಮೋನೂ ಬೇಗ ಒಡೆದುಹೋಗುತ್ತದೆ. ಆಗ ತುದಿ ನಿಂತು ಪಕ್ಕದ ಕವಲುಗಳು ಗಿಜಿಗಿಜಿಯಾಗಿ ಹೊರಡುತ್ತವೆ. ಬಿಸಿಲು ಜೋರಿದ್ದಾಗ ಕೆಲವು ಬೆಳೆಗಳಲ್ಲಿ ಹಾನಿ ಇನ್ನೂ ಜಾಸ್ತಿ.

ಗಿಡ ತಾನೇ ಮಾಡಿಕೊಳ್ಳುವ ಉಪಾಯ

ನನಗೆ ಈ ವಿಷಯದಲ್ಲಿ ಬಹಳ ಇಷ್ಟವಾದ ಭಾಗ ಇದು. ಗಿಡಕ್ಕೆ ಬೇಡವಾದ ಲೋಹವನ್ನು ಹೊರಗೆ ಎಸೆಯುವ ದಾರಿ ಕಡಿಮೆ. ಅದಕ್ಕೇ ಅದು ಒಳಗೇ ಒಂದು ಉಗ್ರಾಣ ಮಾಡಿಕೊಳ್ಳುತ್ತದೆ. ಆ ಉಗ್ರಾಣ ಜೀವಕೋಶದ ಒಳಗೇ ಇರುವ, ರಸ ತುಂಬಿದ ಚೀಲ. ಅದಕ್ಕೆ ರಸದಾನಿ ಅನ್ನುತ್ತಾರೆ. ಮ್ಯಾಂಗನೀಸನ್ನು ಹಿಡಿದು ರಸದಾನಿಗೆ ತಳ್ಳಲೆಂದೇ ಸಾಗಣೆ ಪ್ರೋಟೀನುಗಳಿವೆ. ಹುಳಿ ಮಣ್ಣಿನಲ್ಲೂ ಚೆನ್ನಾಗಿ ಬೆಳೆಯುವ ಸ್ಟೈಲೊ ಎಂಬ ಮೇವಿನ ಬೆಳೆಯಿಂದ ಅಂಥ ಒಂದು ಜೀನ್ ಅನ್ನು ಗುರುತಿಸಿ 2003ರಲ್ಲಿ ಪ್ರಕಟಿಸಿದರು. ಅದನ್ನು ಬೇರೆ ಗಿಡಕ್ಕೆ ಸೇರಿಸಿದಾಗ ಆ ಗಿಡಕ್ಕೂ ತಾಳುವ ಶಕ್ತಿ ಬಂತು. ಈಗ ಆ ಗುಂಪಿನ ಪ್ರೋಟೀನಿಗೆ ಎಂಟಿಪಿ8 ಅನ್ನುತ್ತಾರೆ. ಭತ್ತದಲ್ಲೂ ಅದು ಇದೆ. ನಿಂತ ನೀರಿನಲ್ಲಿ ಬೆಳೆಯುವ ಭತ್ತ ಎಲೆಯಲ್ಲಿ ಸಾವಿರಾರು ಮಿ.ಗ್ರಾಂ. ಇಟ್ಟುಕೊಂಡೂ ಹಸಿರಾಗಿ ನಿಲ್ಲುವುದು ಸುಮ್ನೆ ಅಲ್ಲ.

ಸಿಟ್ರಿಕ್, ಮ್ಯಾಲಿಕ್, ಆಕ್ಸಾಲಿಕ್ ಮುಂತಾದ ಆಮ್ಲಗಳು ಮ್ಯಾಂಗನೀಸನ್ನು ಕಟ್ಟಿಹಾಕಿ ನಿರುಪದ್ರವಿ ಮಾಡುತ್ತವೆ. ಸೂರ್ಯಕಾಂತಿ ತನ್ನ ಪಾಲನ್ನು ಎಲೆಯ ರೋಮಗಳ ಬುಡಕ್ಕೆ ಸಾಗಿಸಿ ಅಲ್ಲಿ ಗಟ್ಟಿ ಮಾಡಿಬಿಡುತ್ತದೆ. ಅದರ ಎಲೆಯಲ್ಲಿ ರೋಮದ ಬುಡದ ಕಪ್ಪು ಚುಕ್ಕೆ ಕಂಡರೆ ಗಾಬರಿ ಬೇಡ, ಅದು ರಕ್ಷಣೆಯ ಗುರುತು. ಪ್ರಪಂಚದಲ್ಲಿ ಕೆ.ಜಿ. ಒಣ ಎಲೆಗೆ 10,000 ಮಿ.ಗ್ರಾಂ. ಮೀರಿಯೂ ಬದುಕುವ ಗಿಡಗಳಿವೆ. ಆಸ್ಟ್ರೇಲಿಯಾದ ಗಾಸಿಯಾ ಬಿಡ್ವಿಲ್ಲಿ ಎಂಬ ಮರ ಅವುಗಳಲ್ಲೊಂದು.

ಇಲ್ಲಿ ನಾವು ಹಿಡಿದುಕೊಳ್ಳಬೇಕಾದ ಎಳೆ ಏನಂದರೆ, ಒಂದೆಡೆ ಗುಡ್ಡೆಯಾದ ಮ್ಯಾಂಗನೀಸ್ ಕೊಲ್ಲುತ್ತದೆ, ಹರಡಿದ ಅಥವಾ ಬಚ್ಚಿಟ್ಟ ಮ್ಯಾಂಗನೀಸ್ ಕೊಲ್ಲುವುದಿಲ್ಲ. ಸಿಲಿಕಾನ್ ಸಿಕ್ಕ ಬಾರ್ಲಿಯಲ್ಲಿ ಮ್ಯಾಂಗನೀಸ್ ಎಲೆಯ ತುಂಬ ಸಮನಾಗಿ ಹರಡಿ ಚುಕ್ಕೆಗಳು ಕಡಿಮೆಯಾಗುತ್ತವೆ ಎಂದು 1957ರಷ್ಟು ಹಿಂದೆಯೇ ತೋರಿಸಿದ್ದರು. ಎಲೆಯ ಒಟ್ಟು ಮ್ಯಾಂಗನೀಸ್ ಹೆಚ್ಚುಕಮ್ಮಿ ಅಷ್ಟೇ ಇತ್ತು.

ಇನ್ನು ಕೆಲಸಕ್ಕೆ ಇಳಿಯೋಣ.

ಹೆಜ್ಜೆ 1: ಎಲೆಯನ್ನು ಓದಿ

ಗಿಡದ ಕೆಳಗಿನ ಎಲೆಯಿಂದ ಶುರು ಮಾಡಿ. ಭೂತಗನ್ನಡಿ ಇದ್ದರೆ ಒಳ್ಳೆಯದು. ಸೂಜಿಮೊನೆಯಷ್ಟು ಚಿಕ್ಕ, ಒತ್ತಾದ ಕಂದು ಚುಕ್ಕೆಗಳನ್ನು ಹುಡುಕಿ. ಅಲಸಂದೆ, ಬಾರ್ಲಿ, ಸೌತೆಯಲ್ಲಿ ಇವು ಚೆನ್ನಾಗಿ ಕಾಣುತ್ತವೆ. ತೊಟ್ಟು, ಕಾಂಡದ ಮೇಲೂ ನೋಡಿ. ಆಲೂಗೆಡ್ಡೆಯ ಕಾಂಡದ ಮೇಲೆ ಕಂದು ಗೀರುಗಳಾಗುತ್ತವೆ. ಸೇಬಿನ ಕೆಲವು ತಳಿಗಳಲ್ಲಿ ತೊಗಟೆಯ ಮೇಲೆ ದಡಾರದ ಗುಳ್ಳೆಯಂಥ ಉಬ್ಬು ಬರುತ್ತದೆ. ಆಮೇಲೆ ಚಿಗುರು ನೋಡಿ: ನರ ಹಸಿರು, ನಡುವೆ ಹಳದಿ ಇದೆಯಾ? ಎಲೆ ಸುಕ್ಕಾಗಿದೆಯಾ?

ಕೆಳಗೆ ಚುಕ್ಕೆ, ಮೇಲೆ ಹಳದಿ. ಎರಡೂ ಒಟ್ಟಿಗೆ ಇದ್ದರೆ ಅನುಮಾನ ಬಲವಾಯಿತು. ಆದರೆ ಎಲ್ಲ ಬೆಳೆಯಲ್ಲೂ ಎರಡೂ ಕಾಣಲೇಬೇಕು ಅಂತಿಲ್ಲ.

ಹೆಜ್ಜೆ 2: ಹೋಲುವ ತೊಂದರೆಗಳನ್ನು ಬದಿಗಿಡಿ

ಶಿಲೀಂಧ್ರದ ಚುಕ್ಕೆ ದಿನದಿನಕ್ಕೆ ದೊಡ್ಡದಾಗುತ್ತದೆ. ಅದರ ಸುತ್ತ ಉಂಗುರ ಇರಬಹುದು. ಹಳೆ ಎಲೆ, ಹೊಸ ಎಲೆ ನೋಡದೆ ಹರಡುತ್ತದೆ. ಮ್ಯಾಂಗನೀಸ್ ಚುಕ್ಕೆ ಒಂದೊಂದೂ ಚಿಕ್ಕದಾಗಿಯೇ ಇದ್ದು ಸಂಖ್ಯೆ ಜಾಸ್ತಿಯಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ರೋಗ ಅಂತ ತಿಳಿದು ಮ್ಯಾಂಕೋಜೆಬ್ ಹೊಡೆಯುವವರು ಬಹಳ. ಆ ಔಷಧದ ಮೂಲ ಪದಾರ್ಥದಲ್ಲೇ ಸುಮಾರು ಶೇ 20ರಷ್ಟು ಮ್ಯಾಂಗನೀಸ್ ಇರುತ್ತದೆ.

ಅಲ್ಯೂಮಿನಿಯಂ ವಿಷವೂ ಹುಳಿ ಮಣ್ಣಿನದೇ ಕಾಟ. ಆದರೆ ಅದು ಮೊದಲು ಹೊಡೆಯುವುದು ಬೇರಿಗೆ. ಗಿಡ ಕಿತ್ತು ನೋಡಿ. ಬೇರು ಮೊಂಡಾಗಿ, ದಪ್ಪಗಾಗಿ, ಕವಲಿಲ್ಲದೆ ಇದ್ದರೆ ಅಲ್ಯೂಮಿನಿಯಂ. ಬೇರು ಚೆನ್ನಾಗಿದ್ದು ಎಲೆ ಹಾಳಾಗಿದ್ದರೆ ಮ್ಯಾಂಗನೀಸ್. ಒಂದೇ ಹೊಲದಲ್ಲಿ ಎರಡೂ ಇರುವುದೂ ಉಂಟು.

ಕಬ್ಬಿಣದ ನಿಜವಾದ ಕೊರತೆ ಸಾಮಾನ್ಯವಾಗಿ ಸುಣ್ಣದಂಶ ಜಾಸ್ತಿ ಇರುವ, ಪಿಎಚ್ 7.5 ದಾಟಿದ ಮಣ್ಣಿನದು. ಹುಳಿ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರ ಇರುವುದಿಲ್ಲ. ಅಂಥ ಮಣ್ಣಿನಲ್ಲೂ ಕಬ್ಬಿಣದ ಕೊರತೆಯಂಥ ಹಳದಿ ಕಂಡರೆ ಮ್ಯಾಂಗನೀಸ್ ಮೇಲೆ ಕಣ್ಣಿಡಿ. ಹವಾಯಿಯ ಅನಾನಸ್ ತೋಟಗಳು ಹಳದಿಯಾಗಿದ್ದು ಹೀಗೇ. ಅಲ್ಲಿಯ ಮಣ್ಣಿನಲ್ಲಿ ಮ್ಯಾಂಗನೀಸ್ ಹೇರಳವಾಗಿತ್ತು.

ಹೆಜ್ಜೆ 3: ಪಿಎಚ್ ಅಳೆಯಿರಿ, ನೀರಿನ ದಾರಿ ನೋಡಿ

ಬೇರಿರುವ ಆಳದ ಮಣ್ಣು ತೆಗೆದುಕೊಳ್ಳಿ. ಒಂದು ಪಾಲು ಮಣ್ಣು, ಎರಡೂವರೆ ಪಾಲು ಶುದ್ಧ ನೀರು. ಕಲಕಿ ಅರ್ಧ ಗಂಟೆ ಬಿಟ್ಟು ಮೀಟರ್ ಅದ್ದಿ. ಚೆನ್ನಾಗಿರುವ ಜಾಗದ ಮಣ್ಣನ್ನೂ ಹಾಗೇ ಅಳೆದು ಹೋಲಿಸಿ. 5.5ಕ್ಕಿಂತ ಕೆಳಗಿದ್ದರೆ ಹುಳಿ ಕಾರಣ. 6ರ ಹತ್ತಿರ ಇದ್ದೂ ಲಕ್ಷಣ ಇದ್ದರೆ ನೀರಿನ ಕಡೆ ನೋಡಿ. ಒಂದೂವರೆ ಅಡಿ ಗುಂಡಿ ತೋಡಿ. ಒಳಗೆ ಬೂದು ಬಣ್ಣದ ಮಣ್ಣು, ತುಕ್ಕಿನ ಕಲೆ, ಕಪ್ಪು ಹರಳು ಕಂಡರೆ ಅಲ್ಲಿ ಆಗಾಗ ನೀರು ನಿಲ್ಲುತ್ತದೆ ಅಂತಲೇ ಅರ್ಥ.

ಹೆಜ್ಜೆ 4: ಎಲೆ ಪರೀಕ್ಷೆ ಮಾಡಿಸಿ

ಮಣ್ಣಿನ ಮ್ಯಾಂಗನೀಸ್ ಪರೀಕ್ಷೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಮಣ್ಣನ್ನು ಒಣಗಿಸಿದರೇ ಕರಗುವ ಮ್ಯಾಂಗನೀಸ್ ಏರುತ್ತದೆ. ಮಳೆ ಬಂದ ವಾರ ಒಂದು ಅಂಕಿ, ಬಿಸಿಲಿನ ವಾರ ಇನ್ನೊಂದು. ಗಿಡ ನಿಜವಾಗಿ ಎಷ್ಟು ಹೀರಿದೆ ಅಂತ ಹೇಳುವುದು ಎಲೆ.

ಪೂರ್ತಿ ಬಲಿತ ಎಲೆಗಳಲ್ಲಿ ಎಲ್ಲಕ್ಕಿಂತ ಎಳೆಯವನ್ನು ಒಂದು ಚೀಲಕ್ಕೆ, ಹಳೆಯ ಎಲೆಗಳನ್ನು ಇನ್ನೊಂದಕ್ಕೆ ಹಾಕಿ. ರೋಗಿ ಗಿಡ, ಆರೋಗ್ಯದ ಗಿಡ ಎರಡರಿಂದಲೂ ಬೇರೆ ಬೇರೆ ತೆಗೆಯಿರಿ. ಶುದ್ಧ ನೀರಿನಲ್ಲಿ ಬೇಗ ತೊಳೆದು ಕಾಗದದ ಚೀಲದಲ್ಲಿ ಕಳಿಸಿ. ಮ್ಯಾಂಕೋಜೆಬ್ ಅಥವಾ ಲಘು ಪೋಷಕಾಂಶ ಸಿಂಪಡಿಸಿದ್ದರೆ ಆ ಎಲೆಗಳನ್ನು ಕಳಿಸಬೇಡಿ, ಅಂಕಿ ಸುಳ್ಳಾಗುತ್ತದೆ. ಆಮೇಲೆ ಬಂದ ಹೊಸ ಎಲೆಗೆ ಕಾಯಿರಿ. ಮ್ಯಾಂಗನೀಸ್ ಜೊತೆ ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ ಕೂಡ ಅಳೆಯಲು ಹೇಳಿ. ಬಂದ ಅಂಕಿಯನ್ನು ನಿಮ್ಮ ಬೆಳೆಯ ಗೆರೆಗೇ ಹೋಲಿಸಬೇಕು. ಎಲೆಯಲ್ಲಿ 500 ಅಂದರೆ ತೊಗರಿಗೆ ಕಷ್ಟ, ಸೂರ್ಯಕಾಂತಿಗೆ ಲೆಕ್ಕಕ್ಕೇ ಇಲ್ಲ.

ಹೆಜ್ಜೆ 5: ಮೊದಲು ನೀರು ಬಸಿಯಿರಿ

ಸುಣ್ಣಕ್ಕಿಂತ ಮುಂಚೆ ಇದು. ನೀರು ನಿಂತಿರುವಷ್ಟು ದಿನ ಎಷ್ಟು ಸುಣ್ಣ ಹಾಕಿದರೂ ಮ್ಯಾಂಗನೀಸ್ ಬರುತ್ತಲೇ ಇರುತ್ತದೆ. ಬಸಿಗಾಲುವೆ ತೋಡಿ. ಏರುಮಡಿ ಮಾಡಿ. ನೀರುಣಿಸುವ ಅಂತರ ಹೆಚ್ಚಿಸಿ. ಮಣ್ಣಿಗೆ ಗಾಳಿ ಸಿಕ್ಕರೆ ಸೂಕ್ಷ್ಮಜೀವಿಗಳೇ ಮ್ಯಾಂಗನೀಸನ್ನು ಮತ್ತೆ ಕರಗದ ಆಕ್ಸೈಡ್ ಮಾಡಿ ಕೂರಿಸುತ್ತವೆ. ಭತ್ತದ ಗದ್ದೆ ಬಸಿದ ಕೂಡಲೇ ಬೀನ್ಸ್‌ನಂಥ ಸೂಕ್ಷ್ಮ ಬೆಳೆ ಬಿತ್ತುವುದು ಬೇಡ, ಮಣ್ಣು ಚೆನ್ನಾಗಿ ಗಾಳಿಯಾಡಲಿ.

ಹೆಜ್ಜೆ 6: ಸುಣ್ಣ, ಲೆಕ್ಕ ಹಾಕಿ

ಗುರಿ ಪಿಎಚ್ 6ರ ಹತ್ತಿರ. 5.5ಕ್ಕೆ ಅಲ್ಯೂಮಿನಿಯಂ ಕಾಟ ಬಹುಪಾಲು ನಿಲ್ಲುತ್ತದೆ, ಮ್ಯಾಂಗನೀಸ್ ಇನ್ನೂ ಉಳಿದಿರಬಹುದು. 6.5 ದಾಟಿಸಬೇಡಿ. ಆಗ ಸತು, ಬೋರಾನ್, ಕಬ್ಬಿಣ ಸಾಲದಾಗುತ್ತವೆ, ಮ್ಯಾಂಗನೀಸ್ ಕೊರತೆಯೇ ಬಂದೀತು.

ಎಷ್ಟು ಸುಣ್ಣ ಬೇಕು ಅನ್ನುವುದು ಮಣ್ಣಿನ ಮೇಲೆ ನಿಂತಿದೆ. ಮರಳು ಮಣ್ಣಿಗೆ ಕಡಿಮೆ, ಜೇಡಿ ಮಣ್ಣಿಗೆ, ಸಾವಯವ ಅಂಶ ಇರುವ ಮಣ್ಣಿಗೆ ಜಾಸ್ತಿ. ಪ್ರಯೋಗಾಲಯ ಹೇಳಿದರೆ ಸರಿ. ಇಲ್ಲದಿದ್ದರೆ ನೀವೇ ಕಂಡುಕೊಳ್ಳಬಹುದು. ಐದು ಚೀಲ ತೆಗೆದುಕೊಳ್ಳಿ, ಒಂದೊಂದರಲ್ಲಿ 1 ಕೆ.ಜಿ. ಒಣ ಮಣ್ಣು ಹಾಕಿ. ಕ್ರಮವಾಗಿ 0, 1, 2, 3, 4 ಗ್ರಾಂ ಕೃಷಿ ಸುಣ್ಣದ (ಸುಡದ ಸುಣ್ಣಕಲ್ಲಿನ) ನುಣ್ಣನೆ ಪುಡಿ ಬೆರೆಸಿ. ನೀರು ಚಿಮುಕಿಸಿ ಹದವಾಗಿ ತೇವ ಮಾಡಿ, ಬಾಯಿ ಸಡಿಲವಾಗಿ ಕಟ್ಟಿಡಿ. ಮೂರು ನಾಲ್ಕು ವಾರ ತೇವ ಕಾಪಾಡಿ. ಆಮೇಲೆ ಪಿಎಚ್ ಅಳೆಯಿರಿ. ಯಾವ ಚೀಲ 6ರ ಹತ್ತಿರ ಬಂತೋ ಅದೇ ನಿಮ್ಮ ಅಳತೆ.

ಅದನ್ನು ಹೊಲಕ್ಕೆ ತಿರುಗಿಸುವುದು ಹೀಗೆ. ಒಂದು ಚದರ ಮೀಟರ್ ಜಾಗದಲ್ಲಿ 15 ಸೆಂ.ಮೀ. ಆಳದ ಮಣ್ಣು ಸುಮಾರು 200 ಕೆ.ಜಿ. ತೂಗುತ್ತದೆ. ಅಂದರೆ ಕೆ.ಜಿ.ಗೆ 1 ಗ್ರಾಂ ಬೇಕಾದರೆ ಚದರ ಮೀಟರಿಗೆ 200 ಗ್ರಾಂ. ಹೆಕ್ಟೇರಿಗೆ 2 ಟನ್, ಎಕರೆಗೆ ಸುಮಾರು 800 ಕೆ.ಜಿ. ಚೀಲದಲ್ಲಿ ಬೆರೆತಷ್ಟು ಚೆನ್ನಾಗಿ ಹೊಲದಲ್ಲಿ ಬೆರೆಯುವುದಿಲ್ಲ, ಹಾಗಾಗಿ ನಿಜಕ್ಕೆ ಸ್ವಲ್ಪ ಜಾಸ್ತಿಯೇ ಬೇಕಾಗುತ್ತದೆ. ಆದರೂ ಒಂದೇ ಸಲ ಸುರಿಯದೆ ಎರಡು ಕಂತು ಮಾಡಿ, ನಡುವೆ ಪಿಎಚ್ ನೋಡಿ.

100 ಕೆ.ಜಿ. ಶುದ್ಧ ಕೃಷಿ ಸುಣ್ಣದ ಕೆಲಸವನ್ನು 92 ಕೆ.ಜಿ. ಡೋಲೊಮೈಟ್, 74 ಕೆ.ಜಿ. ಅರಳಿದ ಸುಣ್ಣ ಅಥವಾ 56 ಕೆ.ಜಿ. ಸುಟ್ಟ ಸುಣ್ಣ ಮಾಡುತ್ತದೆ. ಇವುಗಳಲ್ಲಿ ನಾನು ಆರಿಸುವುದು ಡೋಲೊಮೈಟ್. ಹುಳಿಯೂ ಇಳಿಯುತ್ತದೆ, ಮ್ಯಾಂಗನೀಸ್ ಜೊತೆ ಪೈಪೋಟಿ ಮಾಡುವ ಮೆಗ್ನೀಸಿಯಮ್ಮೂ ಸಿಗುತ್ತದೆ. ಸುಟ್ಟ ಸುಣ್ಣ ಕಣ್ಣು, ಚರ್ಮ ಸುಡುತ್ತದೆ, ಜೋಪಾನ. ಜಿಪ್ಸಂ ಕ್ಯಾಲ್ಸಿಯಂ ಕೊಡುತ್ತದೆಯೇ ಹೊರತು ಹುಳಿ ಇಳಿಸುವುದಿಲ್ಲ. ಬಿತ್ತನೆಗೆ ಕೆಲವು ವಾರ ಮೊದಲೇ ಹಾಕಿ ಮಣ್ಣಲ್ಲಿ ಬೆರೆಸಿ. ಸುಣ್ಣದ ಜೊತೆಗೇ ಯೂರಿಯಾ, ಅಮೋನಿಯಂ ಗೊಬ್ಬರ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಹೆಜ್ಜೆ 7: ನಿಂತ ಬೆಳೆಯನ್ನು ಉಳಿಸುವುದು

ಸುಣ್ಣ ನಿಧಾನ. ಅಷ್ಟರಲ್ಲಿ ಗಿಡಕ್ಕೆ ಕೈ ಕೊಡಬೇಕಲ್ವಾ? ಶೇ 1ರ ಮೆಗ್ನೀಸಿಯಂ ಸಲ್ಫೇಟ್ ದ್ರಾವಣ, ಅಂದರೆ ಲೀಟರಿಗೆ 10 ಗ್ರಾಂ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಚಿಗುರು ಹಳದಿ ಇದ್ದರೆ ಕಬ್ಬಿಣವನ್ನೂ ಎಲೆಗೇ ಕೊಡಿ. ಹವಾಯಿಯಲ್ಲಿ 1916ರ ಹೊತ್ತಿಗೇ ಅನಾನಸ್‌ಗೆ ಕಬ್ಬಿಣದ ಸಲ್ಫೇಟ್ ಸಿಂಪಡಿಸಿ ಹಸಿರು ತಂದಿದ್ದರು. ಯಾವುದನ್ನೇ ಆಗಲಿ ಮೊದಲು ನಾಲ್ಕು ಗಿಡಕ್ಕೆ ಹೊಡೆದು ಎರಡು ದಿನ ನೋಡಿ. ಇದರಿಂದ ಹಸಿರು ಬರುತ್ತದೆ, ಒಳಗಿನ ಮ್ಯಾಂಗನೀಸ್ ಹೋಗುವುದಿಲ್ಲ. ಬಿಸಿಲು ಕಡುವಾಗಿದ್ದರೆ ಸಸಿಗಳಿಗೆ ಕೆಲವು ದಿನ ನೆರಳು ಪರದೆ ಕಟ್ಟಿ.

ಸಿಲಿಕಾನ್ ಭತ್ತ, ಸೌತೆ, ಬಾರ್ಲಿಗೆ ಚೆನ್ನಾಗಿ ಒಗ್ಗುತ್ತದೆ. ಟೊಮೆಟೊ ಅದನ್ನು ಹೆಚ್ಚು ಹೀರುವುದಿಲ್ಲ, ಅಲ್ಲಿ ದುಡ್ಡು ದಂಡ. ಕ್ಯಾಲ್ಸಿಯಂ ಸಿಲಿಕೇಟ್ ಸಿಕ್ಕರೆ ಸಿಲಿಕಾನ್ ಜೊತೆಗೆ ಹುಳಿಯೂ ಇಳಿಯುತ್ತದೆ. ಭತ್ತದ ಹೊಟ್ಟಿನ ಬೂದಿಯಲ್ಲೂ ಸಿಲಿಕಾನ್ ಬಹಳ.

ಕುಂಡದ ಚೆಂಡುಹೂ, ಜೆರೇನಿಯಂನಲ್ಲಿ ಇದು ಬೇಗ ಬರುತ್ತದೆ. ಅವಕ್ಕೆ ಪಿಎಚ್ 6ರಿಂದ 6.5 ಇರಲಿ. ಇಳಿದಿದ್ದರೆ ಲೀಟರ್ ನೀರಿಗೆ ಒಂದೆರಡು ಗ್ರಾಂ ಅರಳಿದ ಸುಣ್ಣ ಕಲಕಿ, ತಳ ಕೂರಲು ಬಿಟ್ಟು, ಮೇಲಿನ ತಿಳಿನೀರನ್ನು ಬುಡಕ್ಕೆ ಹಾಕಿ. ಎಲೆಗೆ ತಾಕಿಸಬೇಡಿ.

ಹೆಜ್ಜೆ 8: ಗೊಬ್ಬರದ ಅಭ್ಯಾಸ ಬದಲಿಸಿ

ಅಮೋನಿಯಂ ಸಲ್ಫೇಟ್, ಗಂಧಕ ವರ್ಷವರ್ಷ ಹಾಕಿದರೆ ಹಾಕಿದ ಸುಣ್ಣವೆಲ್ಲ ಹುಳಿಗೇ ಹೋಗುತ್ತದೆ. ಯೂರಿಯಾ ಕೂಡ ನಿಧಾನಕ್ಕೆ ಹುಳಿ ಮಾಡುತ್ತದೆ. ಒಂದು ಪಾಲನ್ನಾದರೂ ಕ್ಯಾಲ್ಸಿಯಂ ನೈಟ್ರೇಟ್‌ಗೆ ಬದಲಿಸಿ. ಲಘು ಪೋಷಕಾಂಶದ ಮಿಶ್ರಣ ಬಿಟ್ಟು, ಪರೀಕ್ಷೆ ಹೇಳಿದ ಒಂದೊಂದನ್ನೇ ಬಿಡಿಯಾಗಿ ಕೊಡಿ.

ಹೆಜ್ಜೆ 9: ತಾಳುವ ಬೆಳೆ, ತಾಳುವ ತಳಿ

ಸುಣ್ಣ ಹಾಕಲು ಆಗದ, ನೀರು ಬಸಿಯಲು ಆಗದ ಜಾಗಕ್ಕೆ ಇದೇ ದಾರಿ. ಭತ್ತ, ಸೂರ್ಯಕಾಂತಿ, ಸಿಹಿಗೆಣಸು, ಚಹಾ ತಾಳುತ್ತವೆ. ತೊಗರಿ, ಬೀನ್ಸ್, ಲೆಟಿಸ್, ಮೆಕ್ಕೆಜೋಳ ಕಷ್ಟಪಡುತ್ತವೆ. ಒಂದೇ ಬೆಳೆಯ ತಳಿಗಳಲ್ಲೂ ವ್ಯತ್ಯಾಸ ದೊಡ್ಡದು. ಅಲಸಂದೆಯಲ್ಲಿ ಒಂದು ತಳಿಯ ಎಲೆ ಚುಕ್ಕೆ ತುಂಬಿ ಉದುರುವಾಗ ಇನ್ನೊಂದು ಅಷ್ಟೇ ಮ್ಯಾಂಗನೀಸ್ ಇಟ್ಟುಕೊಂಡು ಹಸಿರಾಗಿರುತ್ತದೆ. ನಾಲ್ಕೈದು ತಳಿಗಳನ್ನು ಅದೇ ಕೆಟ್ಟ ಜಾಗದಲ್ಲಿ ಒಂದೊಂದು ಸಾಲು ಬಿತ್ತಿ ನೋಡುವುದು ಅಗ್ಗದ ಪರೀಕ್ಷೆ. ಬೇರಿನ ಜೊತೆ ಕೂಡಿ ಬಾಳುವ ಮೈಕೊರೈಜಾ ಶಿಲೀಂಧ್ರವೂ ಮ್ಯಾಂಗನೀಸ್ ಹೀರುವುದನ್ನು ತಗ್ಗಿಸಬಲ್ಲದು. ಪದೇಪದೇ ಉಳುಮೆ ಮಾಡಿದರೆ ಅದರ ಜಾಲ ಹರಿಯುತ್ತದೆ.

ಹೆಜ್ಜೆ 10: ಹೊಸ ಎಲೆಯಲ್ಲಿ ಫಲ ನೋಡಿ

ಹಳೆಯ ಚುಕ್ಕೆ ಮಾಯುವುದಿಲ್ಲ. ಅದನ್ನು ನೋಡಿ ಕೆಲಸವಾಗಲಿಲ್ಲ ಅಂತ ಮತ್ತೆ ಸುಣ್ಣ ಸುರಿಯುವುದು ಬೇಡ. ಚಿಕಿತ್ಸೆ ಮಾಡಿದ ದಿನ ಕೆಲವು ಗಿಡಗಳ ತುದಿ ಎಲೆಗೆ ದಾರ ಕಟ್ಟಿ. ದಾರದ ಮೇಲೆ ಬಂದ ಎಲೆಗಳಷ್ಟೇ ಲೆಕ್ಕ. ಅವು ಹಸಿರಾಗಿ, ಸುಕ್ಕಿಲ್ಲದೆ, ವಯಸ್ಸಾದ ಮೇಲೂ ಚುಕ್ಕೆಯಿಲ್ಲದೆ ಉಳಿದರೆ ಸರಿಯಾಗಿದೆ. ಮುಂದಿನ ಬೆಳೆಯಲ್ಲಿ ಅದೇ ಹಂತದ ಎಲೆಯನ್ನು ಮತ್ತೆ ಪರೀಕ್ಷೆಗೆ ಕಳಿಸಿ, ಹಿಂದಿನ ಅಂಕಿಯ ಪಕ್ಕ ಬರೆದಿಡಿ. ಪಿಎಚ್ ಅನ್ನು ವರ್ಷಕ್ಕೊಮ್ಮೆ, ಪ್ರತಿ ಸಲವೂ ಅದೇ ತಿಂಗಳಲ್ಲಿ ಅಳೆಯಿರಿ. ಮಳೆಗಾಲದ ಅಂಕಿಯನ್ನು ಬೇಸಿಗೆಯ ಅಂಕಿಗೆ ಹೋಲಿಸಿದರೆ ತಪ್ಪು ದಾರಿ ಹಿಡಿಯುತ್ತೀರಿ.